ಹೆಂಡತಿಗೆ ಉರಿ, ಗಂಡನಿಗೆ ಗುಳಿಗೆ

"ಮುಂಜಾನಿ ಎಂಟಕ್ಕ ಬಸ್ ಹತ್ತತೀನಿ, ಸಂಜಿ ಆರಕ್ಕ ಮನಿಗಿ ಬರತೀನಿ. ನಡುವ ಒಂದು ಹನಿ ನೀರು ಮುಟ್ಟಂಗಿಲ್ಲ! ಹನ್ನೊಂದು ವರ್ಷ ಆಯ್ತು, ಒಂದು ದಿನಾನೂ ತ್ರಾಸ ಆಗಿಲ್ಲ ನೋಡವಾ!"

ಅನಸುಬಾಯಿ ಟೀಚರು ಹೊಸದಾಗಿ ಬಂದ ಹುಡುಗಿ ಟೀಚರಿಗೆ ಹೀಗೆ ಎದೆಯುಬ್ಬಿಸಿ ಹೇಳಿದ್ದು ಸೋಮವಾರ. ಬುಧವಾರ ಉರಿ ಹತ್ತಿಕೊಂಡಿತು.

ಮೈಸೂರು ರಾಜ್ಯ ಹೋಗಿ ಕರ್ನಾಟಕ ಬಂದು ಎರಡು ವರ್ಷವಾಗಿತ್ತು. ಸೇಡಮ್ಮಿನಿಂದ ಆಡಕಿ ಕಡೆ ಹೋಗುವ ದಾರಿಯಲ್ಲಿದ್ದ ಆ ಶಾಲೆಗೆ ಪಾಯಖಾನೆ ಮಾತ್ರ ಬಂದಿರಲಿಲ್ಲ. ಗಂಡಸು ಮಾಸ್ತರರಿಗೆ ಹಿಂದಿನ ಗೋಡೆಯಿತ್ತು. ಅನಸುಬಾಯಿಗೆ ಸಂಯಮವಿತ್ತು! ಈಗ ಆ ಸಂಯಮವೇ ಕೈಕೊಟ್ಟಿತ್ತು. ಐದು ನಿಮಿಷಕ್ಕೊಮ್ಮೆ ಮನೆಯ ಹಿತ್ತಲಿಗೆ ಓಡಬೇಕು. ಓಡಿದರೆ ಬರುವುದು ಎರಡು ಹನಿ, ಅದೂ ಮೆಣಸಿನಕಾಯಿ ಅರೆದು ಕಲಸಿದಂತೆ!

ಗಂಡ ಜಗದೇವಪ್ಪ ತಹಶೀಲ ಕಚೇರಿಯ ಗುಮಾಸ್ತ. "ನಡಿ, ಡಾಕ್ಟರ ಕಡಿ ಹೋಗಮು" ಎಂದ.

"ಹೋಗಿ ಆ ಹುಡುಗ ಡಾಕ್ಟರಿಗಿ ಏನಂತ ಹೇಳ್ಲಿರಿ? ಸಾಯ್ತೀನಿ, ಹೇಳಂಗಿಲ್ಲ!"

"ಹಂಗಾರ ನೀ ಮಲಕೋ. ನನಗೇ ಆಗ್ಯಾದ ಅಂತ ಹೇಳಿ ಗುಳಿಗಿ ತರ್ತೀನಿ. ಇಪ್ಪತ್ತು ವರ್ಷ ಮಂದಿ ಅರ್ಜಿ ನಾನೇ ಬರದು ನಾನೇ ಮಂಜೂರ ಮಾಡಿಸೀನಿ, ಇದೇನ್ ದೊಡ್ಡ ಮಾತು!"

ತಾಸಿನ ಮೇಲೆ ಇಪ್ಪತ್ತೊಂದು ಗುಳಿಗೆಯೊಡನೆ ಮರಳಿದ ಜಗದೇವಪ್ಪ ಕುರ್ಚಿಯ ಮೇಲೆ ಒಂದೇ ಮಗ್ಗುಲಾಗಿ ಕುಳಿತ.

"ಸೂಜೀನೂ ಚುಚ್ಚಿದ! ದಿನಕ್ಕ ಮೂರು ಗುಳಿಗಿ, ಏಳು ದಿನ. ಕಡಿಮಿ ಆಯ್ತಂತ ನಡುವ ಬಿಡಬಾರದಂತ. ನೀರು ಭಾಳ ಕುಡೀಬೇಕಂತ."

ಆದರೆ ದವಾಖಾನೆಯ ಬೆಂಚಿನ ಮೇಲೆ ಅರ್ಧ ಸೇಡಮ್ಮು ಕೂತಿತ್ತು. ಸಂಜೆಯೊಳಗೆ ಜಗದೇವಪ್ಪನ ಉರಿಮೂತ್ರದ ಸುದ್ದಿ ಮನೆಮನೆ ತಲುಪಿತು. ಮರುದಿನ ಅನಸುಬಾಯಿ ಬೇರೆ ದಾರಿಯಿಲ್ಲದೆ 'ಗಂಡನಿಗೆ ಹುಷಾರಿಲ್ಲ' ಎಂದು ರಜೆ ಚೀಟಿ ಬರೆದು ಕಳಿಸಿದಳು. ಜನ ಬರತೊಡಗಿದರು!

ಬಂದವರ ಎದುರು ಜಗದೇವಪ್ಪ ಕೌದಿ ಹೊದ್ದು ಮಲಗಬೇಕು. ಅನಸುಬಾಯಿ ಚಹಾ ಕಾಯಿಸಬೇಕು. ಒಲೆಯ ಮುಂದೆ ತುಟಿ ಕಚ್ಚಿ ನಿಲ್ಲುವಳು, ಹಿತ್ತಲಿಗೆ ಓಡುವಳು, ಬಂದು ಸಕ್ಕರೆ ಹಾಕುವಳು, ಮತ್ತೆ ಓಡುವಳು.

"ಪಾಪ, ಎರಡೇ ದಿನದಾಗ ಎಷ್ಟು ಇಳದಾರ! ಬಾಯಿಯವರ, ನೀವು ಗಟ್ಟಿ ಅದೀರಿ, ಛಂದ ನೋಡ್ಕೋರಿ" ಎಂದು ಅವಳಿಗೇ ಹೇಳಿ, ಚಹಾ ಕುಡಿದು ಹೋಗುವರು.

ಕಚೇರಿಯ ಹೆಡ್ ಗುಮಾಸ್ತ ಗುಲಾಮ ದಸ್ತಗೀರ ಸಾಹೇಬರಂತೂ ದೊಡ್ಡ ಚಂಬಿನಲ್ಲಿ ಬಾರ್ಲಿ ನೀರು ತಂದು ತಾವೇ ಕುಡಿಸಿದರು. "ಗುಳಿಗಿ ತಗೊಂಡ್ರ್ಯಾ? ಶರಮ್ ಬ್ಯಾಡ, ನನ್ನ ಮುಂದ ತಗೋರಿ!" ಎಂದರು. ಮೇಲಧಿಕಾರಿಯ ಮಾತು! ಜಗದೇವಪ್ಪ ನುಂಗಿದ. ಅವರ ಹಿಂದೆ ಬಂದವರೂ ಅದನ್ನೇ ಕೇಳಿದರು. ಶನಿವಾರದ ಹೊತ್ತಿಗೆ ರೋಗವಿಲ್ಲದ ಗಂಡನ ಹೊಟ್ಟೆಗೆ ಒಂಬತ್ತು, ರೋಗವಿದ್ದ ಹೆಂಡತಿಗೆ ನಾಲ್ಕು ಗುಳಿಗೆ ಹೋಗಿದ್ದವು. ಬಾರ್ಲಿ ನೀರಿನ ದೆಸೆಯಿಂದ ಹಿತ್ತಲಿನ ಒಂದೇ ಪಾಯಖಾನೆಗೆ ಇಬ್ಬರು ಹಕ್ಕುದಾರರಾದರು.

"ರೀ, ಹೊರಗ ಬರ್ರಿ!"

"ತಡಿ! ಸಾಹೇಬರು ಎರಡು ಚಂಬು ಕುಡಿಸ್ಯಾರ!"

ಭಾನುವಾರ ಅನಸುಬಾಯಿಗೆ ಗಡಗಡ ನಡುಗುವ ಚಳಿಜ್ವರ ಬಂತು. ಸೊಂಟದ ಮೇಲೆ, ಬೆನ್ನಿನ ಒಂದು ಬದಿಗೆ ಸುತ್ತಿಗೆಯಿಂದ ಹೊಡೆದಂಥ ನೋವು. ಹೊರಗೆ ಅವಳ ಶಾಲೆಯ ಹೆಡ್‌ಮಾಸ್ತರ ರೇವಣಸಿದ್ದಯ್ಯನವರು ಜಗದೇವಪ್ಪನಿಗೆ ಧೈರ್ಯ ಹೇಳುತ್ತ ಕೂತಿದ್ದರು. ಅವಳಿಗೆ ಇನ್ನು ಸಾಕಾಗಿತ್ತು. ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಳು.

"ಬ್ಯಾನಿ ಇವರಿಗಿಲ್ಲರಿ. ನನಗದ."

ಹೆಡ್‌ಮಾಸ್ತರರ ಕಣ್ಣು ತೇವವಾಯಿತು. "ಗಂಡನ ಬ್ಯಾನಿ ತನ್ನ ಮೈಮ್ಯಾಲ ಎಳಕೊಳ್ಳೋ ಹೆಣಮಗಳು! ಜಗದೇವಪ್ಪನವರ, ಪುಣ್ಯ ಮಾಡೀರಿ!"

ಅವಳು ಅಲ್ಲೇ ಕುಸಿದು ಕುಳಿತಳು. ಬಟ್ಟಲು ಮರಳಿಸಲು ಬಂದಿದ್ದ ನೆರೆಮನೆಯ ಇಮಾಮ್ಬೀ ಹಣೆ ಮುಟ್ಟಿ ನೋಡಿ ಕಿರುಚಿದಳು: "ಯಾ ಅಲ್ಲಾ! ಮೈ ಕೆಂಡ ಆಗ್ಯಾದ! ಏ ಜಗದೇವಪ್ಪಣ್ಣ, ಏಳು, ಟಾಂಗಾ ತಾ!"

ಕೌದಿ ಒಗೆದು ಜಗದೇವಪ್ಪ ಓಡಿದ ಓಟಕ್ಕೆ ಹೆಡ್‌ಮಾಸ್ತರರು ಬಾಯಿ ತೆರೆದು ಕೂತರು.

ಡಾಕ್ಟರು ಎಲ್ಲ ಕೇಳಿ ಜಗದೇವಪ್ಪನ ಕಡೆ ತಿರುಗಿದರು. "ಅವತ್ತು ನೀವು ಹೇಳಿದ್ದೆಲ್ಲ ಇವರ ಬ್ಯಾನಿ ಏನ್ರಿ?" ಅವನು ಹೌದೆಂದು ತಲೆ ಹಾಕಿದ. "ಜ್ವರ, ಬೆನ್ನು ನೋವು ಬಂತಂದ್ರ ಕಿಡ್ನಿತನಕ ಹೋಗ್ಯಾದ ಅಂತ ತಿಳೀರಿ. ಇನ್ನೆರಡು ದಿನ ತಡಾ ಮಾಡಿದ್ರ ಜೀವಕ್ಕ ಬರತಿತ್ತು!"

ಆಮೇಲೆ ಅನಸುಬಾಯಿಗೆ ಮೆತ್ತಗೆ ಹೇಳಿದರು: "ಹೆಣಮಕ್ಕಳಿಗಿ ಇದು ಭಾಳ ಬರ್ತದವಾ. ಮೂತ್ರದ ಹಾದಿ ಗಿಡ್ಡ ಅದ, ಕೀಟಾಣು ಲಗೂನ ಒಳಗ ಹೋಗ್ತಾವ. ನೀರು ಕುಡೀದೆ ತಡಕೊಂಡು ಕುಂತ್ರ ಅಲ್ಲೇ ಬೆಳೀತಾವ. ಗುಳಿಗಿ ಪೂರಾ ಮುಗಸ್ರಿ. ಬಂದಾಗ ತಡಕೋಬಾರದು, ಮೂರು ತಾಸಿಗೊಮ್ಮೆ ಹೋಗಲೇಬೇಕು."

"ಸಾಲಿದಾಗ ಎಲ್ಲಿಗಿ ಹೋಗ್ಲಿರಿ?"

ಅದಕ್ಕೆ ಡಾಕ್ಟರರ ಬಳಿ ಗುಳಿಗೆ ಇರಲಿಲ್ಲ.

ಈ ಸಲ ಗುಳಿಗೆಯನ್ನೆಲ್ಲ ಅನಸುಬಾಯಿಯೇ ನುಂಗಿದಳು. ಚಹಾ ಜಗದೇವಪ್ಪ ಕಾಯಿಸಿದ. ಎರಡು ವಾರದ ಮೇಲೆ ಶಾಲೆಗೆ ಹೋದವಳು ಆ ಊರಿನ ಸಾಬಮ್ಮ ಎಂಬಾಕೆಯ ಕೈಕಾಲು ಹಿಡಿದು ಅವಳ ಹಿತ್ತಲು ಗೊತ್ತು ಮಾಡಿಕೊಂಡಳು. ಮೂರನೆಯ ದಿನ ಹೆಡ್‌ಮಾಸ್ತರರು ತಡೆದು ನಿಲ್ಲಿಸಿದರು.

"ಬಾಯಿಯವರ, ದಿನಾ ನಡುವ ನಡುವ ಎಲ್ಲಿಗಿ ಹೋಗ್ಲಿಕತ್ತೀರಿ?"

ಎಲ್ಲ ಮಾಸ್ತರರೂ ಅಲ್ಲೇ ಇದ್ದರು. ಅನಸುಬಾಯಿಗೆ ನಾಚಲಿಕ್ಕೂ ದಣಿವಾಗಿತ್ತು.

"ಉಚ್ಚಿ ಹೊಯ್ಯಲಿಕ್ಕ ಹೋಗ್ಲಿಕತ್ತೀನ್ರಿ."

ಹೆಡ್‌ಮಾಸ್ತರರು ಕೆಮ್ಮಿ, ಮರುಕದಿಂದ ತಲೆಯಾಡಿಸಿದರು. "ಪಾಪ! ಜಗದೇವಪ್ಪನವರ ಸೇವಾ ಮಾಡಿ ಮಾಡಿ ನಿಮಗೂ ಹತ್ಯಾದೇನು?"

ಅನಸುಬಾಯಿ ಬಾಯಿ ತೆರೆದಳು. ಇವರಿಗೆ ತಿಳಿಯುವಂತೆ ಹೇಳಲು ಏನಿಲ್ಲೆಂದರೂ ಅರ್ಧ ತಾಸು ಬೇಕು. ಅಷ್ಟು ಹೊತ್ತು ತಡೆದುಕೊಳ್ಳಬಾರದೆಂದು ಡಾಕ್ಟರರ ಕಟ್ಟಪ್ಪಣೆಯಾಗಿತ್ತು.

"ಹೌದ್ರಿ" ಎಂದು ಅವಳು ಬಿರಬಿರನೆ ನಡೆದಳು.