ಅತ್ತೆಯ ಗುಟ್ಟಿನ ಪೆಟ್ಟಿಗೆ

ನಮ್ಮ ಅತ್ತೆಯ ಪ್ರಕಾರ ಈ ಜಗತ್ತಿನಲ್ಲಿ ಎರಡೇ ಥರದ ಜನ: ಸಿಕ್ಕಿಬಿದ್ದ ಕಳ್ಳರು, ಇನ್ನೂ ಸಿಕ್ಕಿಬೀಳದ ಕಳ್ಳರು. ನಾನು ಎರಡನೆಯ ಪಂಗಡದವಳು ಎಂದು ಅವಳ ಬಾಯಿಂದಲೇ ಕೇಳಿದ ದಿನ ನನ್ನ ದಿನಚರಿಯ ಅಂಚಿನಲ್ಲಿ ಮೊದಲ ಗೆರೆ ಬಿತ್ತು. ಗಾಬರಿಯಾದಾಗಲೆಲ್ಲ ಅಂಚಿನಲ್ಲೊಂದು ಗೆರೆ ಎಳೆಯುವುದು ನನ್ನ ಪದ್ಧತಿ. ಎರಡು ಸಾವಿರದ ಏಳನೇ ಇಸವಿಯ ದಿನಚರಿಯಲ್ಲಿ ಅರವತ್ತೆಂಟು ಗೆರೆಗಳಿವೆ. ಅದರಲ್ಲಿ ಅರವತ್ತೊಂದು ಅತ್ತೆಯವು! ಉಳಿದ ಏಳು ನನ್ನ ಪರೀಕ್ಷೆಯ ಅಂಕಗಳವು, ಅದು ಬೇರೆ ಮಾತು.

ಅತ್ತೆ ಎಂದರೆ ಅಪ್ಪನ ತಂಗಿ. ಬೈಲಹೊಂಗಲದ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತ, ಅಲ್ಲೇ ಬಾಡಿಗೆ ಕೋಣೆ ಹಿಡಿದು ಪಿಎಚ್‌ಡಿ ಮಾಡುತ್ತಿದ್ದಳು. ವಿಷಯ: ಇಂಟರ್ನೆಟ್ಟಿಗೆ ಜೋಡಿಸಿದ ಯಂತ್ರಗಳನ್ನು ಕಳ್ಳರಿಂದ ಕಾಯುವುದು ಹೇಗೆ? ಆಗ ನಮ್ಮೂರು ಚಚಡಿಯ ಮನೆಯಲ್ಲಿ ಅಂಥ ಯಂತ್ರ ಒಂದೂ ಇರಲಿಲ್ಲ. ಆದ್ದರಿಂದ ಕಾಯುವುದಕ್ಕೆಂದೇ ಒಂದನ್ನು ತಂದು ಪಡಸಾಲೆಯ ಗೋಡೆಗೆ ಮೊಳೆ ಹೊಡೆದು ಕೂರಿಸಿದಳು!

ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಒಳಗೆ ಸಿಮ್ ಕಾರ್ಡು, ಬ್ಯಾಟರಿ. ಹೊರಗೆ ನಂಬರಿನ ಗುಂಡಿಗಳು, ಒಂದು ಹಸಿರು ದೀಪ. ಹಿತ್ತಲ ಬಾವಿಯ ಮೋಟರು, ಮಾಳಿಗೆಯ ಮೇಲಿನ ನೀರಿನ ಟಾಕಿ ಎರಡೂ ಅದಕ್ಕೆ ಜೋಡಣೆ. ಅತ್ತೆ ಕಾಲೇಜಿನಲ್ಲಿ ಕುಳಿತೇ ನಮ್ಮ ಟಾಕಿಯಲ್ಲಿ ನೀರೆಷ್ಟಿದೆ ಎಂದು ನೋಡುತ್ತಿದ್ದಳು. ಅವಳು ನೋಡಿದಾಗಲೆಲ್ಲ ದೀಪ ಮಿಣುಕುತ್ತಿತ್ತು. ಪೆಟ್ಟಿಗೆಯೂ ಅವಳೂ ಆಡುವ ಮಾತೆಲ್ಲ ಗುಟ್ಟಿನ ಲಿಪಿಯಲ್ಲಿ. ಹೊರಗಿನವರಿಗೆ ಅದರಿಂದ ಏನೆಂದರೆ ಏನೂ ತಿಳಿಯಬಾರದು. ಅವಳ ಪಿಎಚ್‌ಡಿ ನಿಂತಿದ್ದೇ ಈ ಒಂದು ಮಾತಿನ ಮೇಲೆ.

"ಅಲ್ಲಾ, ನಮ್ಮ ಟಾಕ್ಯಾಗ ನೀರ ಎಷ್ಟೈತಿ ಅನ್ನೂದನ್ನ ಕದ್ದು ಯಾರಿಗೆ ಏನ ಸಿಗತೈತಿ?" ಅಂದ ಅಪ್ಪ.

"ಇವತ್ತ ಟಾಕಿ. ನಾಳೆ ಟಿವಿ, ಮಿಕ್ಸರ್, ಬಾಗಲಾ, ಎಲ್ಲಾ ಇಂಟರ್ನೆಟ್ಟಿಗೆ ಜೋಡಸ್ತಾರ ಅಣ್ಣಾ. ಆವಾಗ ನೀ ಅಳತಿ."

"ಮಿಕ್ಸರ್ ಸಲುವಾಗಿ ನಾ ಯಾಕ ಅಳ್ಳಿ?"

ಅಳುವ ದಿನ ಬೇಗನೆ ಬಂತು. ಮೋಟರು ಹಚ್ಚಲು ಪೆಟ್ಟಿಗೆಗೆ ಗುಟ್ಟಿನ ನಂಬರು ಒತ್ತಬೇಕು. ಆ ನಂಬರನ್ನು ಅತ್ತೆ ಪ್ರತಿ ಭಾನುವಾರ ಬಂದು ಬದಲಿಸುತ್ತಿದ್ದಳು. ಒಂದು ಭಾನುವಾರ ಅಪ್ಪ ತಲೆತುಂಬ ಸೋಪು ಹಚ್ಚಿಕೊಂಡಾಗ ಟಾಕಿ ಖಾಲಿ!

"ಏ, ನಂಬರ ಒತ್ತಿ ಮೋಟರ್ ಹಚ್ಚರೋ ಯಾರರ!" ಬಚ್ಚಲಿನಿಂದ ಅಪ್ಪನ ಕೂಗು.

ಅವ್ವನಿಗೆ ಹೊಸ ನಂಬರು ಗೊತ್ತಿಲ್ಲ, ನನಗೂ ಇಲ್ಲ. ಅತ್ತೆ ಓಣಿಯ ಆಚೆ ಗೆಳತಿಯ ಮನೆಯಲ್ಲಿ. ನಾನು ಓಡಿಹೋಗಿ ಕೇಳಿದರೆ ಬಾಯಿಬಿಟ್ಟು ಹೇಳುತ್ತಾಳೆಯೇ? ಚೀಟಿಯಲ್ಲಿ ಬರೆದು, ನಾಲ್ಕು ಮಡಿಕೆ ಮಾಡಿ, "ಅಣ್ಣನ ಕೈಯಾಗ ಅಷ್ಟ ಕೊಡು, ನೀ ಬಿಚ್ಚಬ್ಯಾಡ" ಅಂದಳು. ಬಚ್ಚಲ ಬಾಗಿಲ ಸಂದಿಯಲ್ಲಿ ತೂರಿಸಿದೆ. ಹದಿನಾಲ್ಕು ಅಂಕಿಗಳೂ ಅಪ್ಪನ ಒದ್ದೆ ಬೆರಳಿಗೆ ನೀಲಿಯಾಗಿ ಅಂಟಿಕೊಂಡವು. ಅಂದು ಅಪ್ಪ ತಲೆ ಒರೆಸಿಕೊಂಡದ್ದು ಸೋಪಿನ ಸಮೇತ.

ಆಮೇಲೆ ಅಪ್ಪ ಪ್ರತಿ ವಾರ ಹೊಸ ನಂಬರನ್ನು ಕ್ಯಾಲೆಂಡರಿನ ಹಿಂದೆ ಬರೆದಿಡತೊಡಗಿದ. ಇದರ ವಾಸನೆ ಹತ್ತಿತೇನೋ, ಅತ್ತೆ ಒಂದು ಪರೀಕ್ಷೆ ಒಡ್ಡಿದಳು. ನಮಗೆ ಗುರುತಿಲ್ಲದ ತನ್ನ ವಿದ್ಯಾರ್ಥಿಯೊಬ್ಬನನ್ನು ಪೆಟ್ಟಿಗೆ ರಿಪೇರಿಯವನ ವೇಷದಲ್ಲಿ ಕಳಿಸಿದಳು. ನಂಬರು ಕೇಳಿ ತಿಳಿದುಕೊಂಡು ಬರುವುದು ಅವನ ಕೆಲಸ. ಮನೆಯಲ್ಲಿದ್ದವಳು ನನ್ನ ಆಯಿ, ಅಂದರೆ ಅತ್ತೆಯ ಅವ್ವ. ಓದು ಬರಹ ಬಾರದು. ಅವಳು ಹುಡುಗನಿಗೆ ರೊಟ್ಟಿ, ಝುಣಕ, ಮಜ್ಜಿಗೆ ಎಲ್ಲಾ ಬಡಿಸಿ, ಕ್ಯಾಲೆಂಡರನ್ನೇ ಮೊಳೆಯಿಂದ ತೆಗೆದು ಅವನ ಕೈಗೆ ಕೊಟ್ಟುಬಿಟ್ಟಿದ್ದಳು!

"ಅವ್ವಾ! ಗುರುತಿಲ್ಲದವರಿಗೆ ಗುಟ್ಟಿನ ನಂಬರ್ ಕೊಡತಾರೇನ?" ಅತ್ತೆ ಹೌಹಾರಿದಳು.

"ಗುರುತಾ ಕೇಳೇ ಕೊಟ್ಟೇನಿ. ಕಟಕೋಳದಾಂವಂತ. ನಿಮ್ಮ ವೈನಿ ತವರಮನಿ ಯಾವೂರು? ಕಟಕೋಳ! ಬೀಗರ ಪೈಕಿ ಆದ್ನಿಲ್ಲೋ? ಇನ್ನ ಏನ ಗುರುತ ಬೇಕು ನಿನಗ?"

ವೈನಿ ಎಂದರೆ ನಮ್ಮ ಅವ್ವ. ಅತ್ತೆ ಅಲ್ಲೇ ನಿಂತು ನಂಬರು ಬದಲಿಸಿದಳು. ನನ್ನ ಅಂಚಿನಲ್ಲಿ ಮೂರು ಗೆರೆ.

ಅಕ್ಟೋಬರಿನ ಒಂದು ಬುಧವಾರ. ನನ್ನ ಕಾಲೇಜಿಗಷ್ಟೇ ರಜೆ. ಪೆಟ್ಟಿಗೆಯ ಎದುರು ಕುಳಿತು ಜೋಳ ಹಸನು ಮಾಡುತ್ತಿದ್ದ ಆಯಿ ಮಧ್ಯಾಹ್ನ ಮೊರ ಕೆಳಗಿಟ್ಟಳು.

"ನಿಮ್ಮತ್ತಿಗೆ ಏನೋ ಆಗೈತಿ."

"ಯಾರ ಹೇಳಿದ್ರು ಆಯಿ?"

"ದೀಪ. ಮುಂಜಾನೆ ಕಾಲೇಜ ಮುಟ್ಟಿದ ಕೂಡ್ಲೇ ಒಂದ ಸಲ ಮಿಣಕತೈತಿ. ಊಟಾ ಆದಮ್ಯಾಲ ಒಂದ ಸಲ. ಸಂಜೀಕ ಹೊಂಡೂಮುಂದ ಒಂದ ಸಲ. ಶನಿವಾರ ಅರ್ಧಾ ದಿನ, ಎರಡ ಸಲ. ನಿನ್ನೆ ಸಂಜೀಕ ಮಿಣಕಲಿಲ್ಲ. ಇವತ್ತ ಇಷ್ಟೊತ್ತಾದ್ರೂ ಇಲ್ಲ."

ನಾನು ಅಪ್ಪನನ್ನು ಕರೆದೆ. ಅಪ್ಪ ಫೋನ್ ಮಾಡಿದ. ರಿಂಗಾಯಿತು, ಎತ್ತಲಿಲ್ಲ. "ಆಕಿ ಯಾವಾಗ ಎತ್ತಿದಾಳ? ಗುರುತಿಲ್ಲದ ನಂಬರ್ ಕಳ್ಳರದು ಅಂತಾಳ, ಗುರುತಿದ್ದದ್ದು ಕಳ್ಳರು ಕದ್ದ ಫೋನು ಅಂತಾಳ!" ಅಂದ. ಆಯಿ ಚಪ್ಪಲಿ ಮೆಟ್ಟಿ ಬಸ್ ಸ್ಟ್ಯಾಂಡಿನ ಕಡೆ ನಡೆದೇಬಿಟ್ಟಳು. ನಾವು ಹಿಂದೆ ಓಡಿದೆವು.

ಬೈಲಹೊಂಗಲದ ಕೋಣೆ ಒಳಗಿನಿಂದ ಭದ್ರ: ಚಿಲಕ, ಅಗಳಿ, ಸರಪಳಿ. ಬಡಿದೆವು. ಬಹಳ ಹೊತ್ತಿನ ಮೇಲೆ ನೆಲದ ಮಟ್ಟದಿಂದ ಕ್ಷೀಣ ದನಿ: "ಯಾರು? ಗುಟ್ಟಿನ ಮಾತ ಹೇಳ್ರಿ..."

"ನಾ ನಿನ್ನ ಹಡದಾಕಿ! ತಗಿ ಬಾಗಲಾ!"

"ಅದಲ್ಲ... ಅದು ಹೋದ ವಾರದ್ದು..."

ಹಾಗೆನ್ನುತ್ತಲೇ ತೆವಳಿ ಬಂದು ಮೂರನ್ನೂ ತೆಗೆದಳು. ಮೈ ಕಾದ ಹಂಚಿನಂತೆ ಸುಡುತ್ತಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು, "ಇನ್ನೊಂದು ದಿನಾ ತಡಾ ಆಗಿದ್ರ..." ಎನ್ನುತ್ತಲೇ ಸಲೈನ್ ಹಚ್ಚಿದರು. ಅಂದಿನ ಪುಟದ ಅಂಚಿನಲ್ಲಿ ಗೆರೆ ಇಲ್ಲ.

ಮೂರನೆಯ ದಿನ ಜ್ವರ ಇಳಿದು, "ನಿಮಗ ಹೆಂಗ ಗೊತ್ತಾತು?" ಎಂದು ಅತ್ತೆ ಕೇಳಿದಳು. ಆಯಿ ದೀಪದ ವಿಷಯ ಹೇಳಿದಳು. ಅತ್ತೆ ಸಲೈನಿನ ನಳಿಗೆಯ ಸಮೇತ ಎದ್ದು ಕುಳಿತಳು!

"ಅವ್ವಾ! ನಾ ಉಂಡದ್ದು, ಕುಂತದ್ದು, ಎದ್ದದ್ದು ಎಲ್ಲಾ ನಿನಗ ಗೊತ್ತೈತಿ?"

"ಹೂಂ. ಸೋಮವಾರ ಉಪಾಸ ಇರತಿ. ಅವತ್ತ ಊಟದ ಹೊತ್ತ ಉಳೀತೈತಿ, ಮಧ್ಯಾಹ್ನದ್ದು ಲಗೂ ಮಿಣಕತೈತಿ."

ಮೂರು ವರ್ಷದ ಸಂಶೋಧನೆ! ಪ್ರಬಂಧ ಒಪ್ಪಿಸಲು ಒಂದೇ ತಿಂಗಳು ಬಾಕಿ! ಗುಟ್ಟಿನ ಲಿಪಿಯನ್ನು ಯಾರೂ ಒಡೆದಿರಲಿಲ್ಲ. ಆದರೆ ಏನು ಮಾತಾಡಿದರು ಎಂದು ತಿಳಿಯದಿದ್ದರೇನಂತೆ, ಯಾವಾಗ ಮಾತಾಡಿದರು ಎಂಬುದೇ ಸಾಕಾಗಿತ್ತು. ಅಕ್ಷರ ಬಾರದವಳು ಅತ್ತೆಯ ದಿನವನ್ನೆಲ್ಲ ಓದಿಬಿಟ್ಟಿದ್ದಳು. ಅತ್ತೆ ಆಸ್ಪತ್ರೆಯ ಮಂಚದಿಂದಲೇ ನನಗೆ ಕೆಲಸ ಹಚ್ಚಿದಳು. ಅವಳು ಮತ್ತೆ ಕಾಲೇಜಿಗೆ ಹೋಗತೊಡಗಿದ ಮೇಲೆ, ದೀಪ ನೋಡಿ ಆಯಿ ಹೇಳಿದ್ದು ಒಂದು ಸಾಲು, ನಿಜವಾಗಿ ನಡೆದದ್ದು ಪಕ್ಕದ ಸಾಲು, ಆರು ವಾರ ಬರೆದೆ. ನೂರಾ ಎರಡರಲ್ಲಿ ತೊಂಬತ್ತೇಳು ಸರಿ!

ಪ್ರಬಂಧ ಒಪ್ಪಿಸುವುದು ಮುಂದಕ್ಕೆ ಹೋಯಿತು. ಅತ್ತೆ ಒಂದು ಅಧ್ಯಾಯವನ್ನೇ ಹೊಸದಾಗಿ ಬರೆದಳು. ಕಂಡುಕೊಂಡ ಉಪಾಯ ಇಷ್ಟೇ: ಪೆಟ್ಟಿಗೆ ಕೆಲಸವಿರಲಿ ಬಿಡಲಿ, ಇಡೀ ದಿನ ಒಂದೇ ಸಮ ಹರಟುತ್ತಿರಬೇಕು. ಆಗ ನಿಜವಾದ ಮಾತು ಯಾವುದೆಂದು ಯಾರಿಗೂ ತಿಳಿಯದು. ಕಾಲೇಜಿನ ಪೆಟ್ಟಿಗೆಯಲ್ಲಿ ಅದು ಗೆದ್ದಿತು. ಮರುವರ್ಷ ಯುಗಾದಿ ಕಳೆದು ಎರಡನೆಯ ಭಾನುವಾರ ನಮ್ಮ ಪೆಟ್ಟಿಗೆಗೂ ಅದನ್ನೇ ಹಾಕಿದಳು. ಹಸಿರು ದೀಪ ಪಟಪಟ ಮಿಣುಕತೊಡಗಿತು, ನಿಲ್ಲಲೇ ಇಲ್ಲ.

ಆಯಿ ಬಹಳ ಹೊತ್ತು ನೋಡಿದಳು. "ಇನ್ನ ಯಾರಿಗೂ ಏನೂ ತಿಳೀದಿಲ್ಲೇನ?"

"ಯಾರಿಗೂ ತಿಳೀದಿಲ್ಲ."

"ನನಗೂ?"

ಅತ್ತೆ ಪೆಟ್ಟಿಗೆಯ ಮುಚ್ಚಳದ ಸ್ಕ್ರೂ ಬಿಗಿಸತೊಡಗಿದಳು. ಆಯಿ, "ಚಲೋ ಆತ ಬಿಡು, ನಿನ್ನ ಪರೀಕ್ಷಾ ಪಾಸಾಗಲಿ" ಎಂದು ಹೇಳಿ ಮೊರವನ್ನೆತ್ತಿಕೊಂಡು, ಪೆಟ್ಟಿಗೆಗೆ ಬೆನ್ನು ಮಾಡಿ ಕುಳಿತಳು.

ಅತ್ತೆ ಚೀಲ ಹಿಡಿದು ಬಸ್ಸಿಗೆ ಹೊರಟವಳು ಊರ ಅಗಸೆಬಾಗಿಲವರೆಗೆ ಹೋಗಿ ತಿರುಗಿ ಬಂದಳು. ಪೆಟ್ಟಿಗೆ ಬಿಚ್ಚಿ ಕುಳಿತಳು. ನನ್ನ ಲೆಕ್ಕದಲ್ಲಿ ಎರಡು ಬಸ್ಸು ತಪ್ಪಿದವು. ಅವಳು ಹೋದ ಮೇಲೆ ನೋಡಿದರೆ ಪಟಪಟ ನಿಂತು ದೀಪ ಮೊದಲಿನಂತೆ ಆರಿತ್ತು.

ಮರುದಿನ ಸೋಮವಾರ. ಸಂಜೆ ನಾನು ಕಾಲೇಜಿನಿಂದ ಬಂದಾಗ ಆಯಿ ಮತ್ತೆ ಪೆಟ್ಟಿಗೆಯ ಕಡೆ ಮುಖ ಮಾಡಿ ಕುಳಿತಿದ್ದಳು. ಐದಕ್ಕೆ ಸರಿಯಾಗಿ ದೀಪ ಮಿಣುಕಿತು. "ಹೊಂಟಳು" ಅಂದಳು ಆಯಿ. ನಾನು ಮೂರನೆಯದು ಎಂದು ಬರೆದುಕೊಂಡೆ. ಟಾಕಿ ತುಂಬಿತ್ತು, ಮೋಟರು ನಿಂತಿತ್ತು, ಇನ್ನು ನೋಡುವಂಥದ್ದು ಏನೂ ಇರಲಿಲ್ಲ.

ಆದರೂ ದೀಪ ಇನ್ನೊಮ್ಮೆ ಮಿಣುಕಿತು.

ಆಯಿ ಜೋಳದ ಮೊರವನ್ನು ಕೆಳಗಿಟ್ಟು, ದೀಪದ ಕಡೆ ನೋಡುತ್ತ ಅಂದಳು: "ಹೂಂ. ಉಪಾಸ ಬಿಟ್ಟು ಉಣ್ಣ ಹೋಗ, ಯವ್ವಾ."