ನಮ್ಮ ಬಾವನ ನಿಧಾನದ ಏಜೆಂಟು

ನಮ್ಮ ಬಾವನಷ್ಟು ಆಧುನಿಕ ಮನುಷ್ಯ ಶಿರಾದಲ್ಲಿ ಇನ್ನೊಬ್ಬರಿಲ್ಲ ಎಂದರೆ ನೀವು ನಗುತ್ತೀರಿ. ನಗಿ, ನಾನೂ ನಕ್ಕವಳೇ! ಜಗತ್ತೆಲ್ಲ ಕಂಪ್ಯೂಟರನ್ನು ಇನ್ನಷ್ಟು ಬೇಗ ಓಡಿಸುವುದು ಹೇಗೆಂದು ತಲೆ ಕೆಡಿಸಿಕೊಂಡಿರುವಾಗ, ಅದನ್ನು ತಡೆದು ನಿಲ್ಲಿಸುವುದು ಹೇಗೆಂದು ಕೂತು ಯೋಚಿಸಿದ ಪುಣ್ಯಾತ್ಮ ಅವರು.

ಬಾವ ಎಂದರೆ ನನ್ನ ಅಕ್ಕನ ಗಂಡ. ಶಿರಾದಲ್ಲಿ ಅವರದೊಂದು ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟಾರಿನ ಹಳೇ ತಂತಿ ಕಿತ್ತು, ಹೊಸದು ಸುತ್ತಿ, ವಾರ್ನಿಷ್ ಹಾಕಿ ಒಣಗಿಸಿ ಕೊಡುವ ಕೆಲಸ. ಎರಡು ಕೈಯೂ ಗ್ರೀಸು. ಪಕ್ಕದಲ್ಲಿ ಫೋನು ಬಡಿದುಕೊಳ್ಳುತ್ತಲೇ ಇರುತ್ತಿತ್ತು. ಕೊನೆಗೆ ವಿಡಿಯೋಗಳನ್ನು ನೋಡಿ ನೋಡಿ, ಗಿರಾಕಿಗಳ ಮೆಸೇಜಿಗೆ ತಾನೇ ಉತ್ತರ ಕೊಡುವ ಎಐ ಏಜೆಂಟೊಂದನ್ನು ಸಿದ್ಧಮಾಡಿಕೊಂಡರು. ಎಸ್ಸೆಸ್ಸೆಲ್ಸಿ ಮುಗಿಸದ ಮನುಷ್ಯ, ಐವತ್ತೆಂಟನೇ ವಯಸ್ಸಿನಲ್ಲಿ!

"ಅಂಗ್ಡಿಗೆ ಒಬ್ಬ ಏಜೆಂಟ್‌ನ ಇಟ್ಟಿದೀನಿ" ಎಂದು ಮನೆಯಲ್ಲಿ ಘೋಷಿಸಿದಾಗ ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: "ಮದ್ಯಾನ ಅವನ್ಗೂ ಊಟ ಕಳ್ಸಬೇಕಾ?"

ಮೊದಲ ದಿನವೇ ಅನಾಹುತ. ಮದಲೂರಿನ ರೈತರೊಬ್ಬರು ತಮ್ಮ ಮೋಟಾರ್ ಸುಟ್ಟಿದೆಯೆಂದು ಮೆಸೇಜು ಹಾಕಿದರು. ಏಜೆಂಟು ಬಲು ಚುರುಕು. "ಮೋಟಾರ್ ತಂದುಕೊಡಿ" ಎಂದು ಉತ್ತರಿಸಿತು. ಮರುಕ್ಷಣವೇ "ನಿಮ್ಮ ಮೋಟಾರ್ ರೆಡಿಯಾಗಿದೆ." ಅದರ ಬೆನ್ನಿಗೇ "ನೀರು ಚೆನ್ನಾಗಿ ಬರುತ್ತಿದೆಯೇ?" ಕೊನೆಗೆ "ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ?" ಎಲ್ಲವೂ ಒಂದೇ ನಿಮಿಷದೊಳಗೆ! ರೈತರು ಬೈಕ್ ಹತ್ತಿ ಬಂದೇಬಿಟ್ಟರು.

"ಅಲ್ರೀ, ನಮ್ ಮೋಟ್ರು ಇನ್ನೂ ಬೋರಲ್ಲೇ ಐತೆ! ನೀವು ರೆಡಿ ಮಾಡಿರೋದು ಯಾರ್ದು?"

ಬೇರೆ ಯಾರಾದರೂ ಆಗಿದ್ದರೆ ಅಂದೇ ಏಜೆಂಟನ್ನು ಕಿತ್ತೆಸೆಯುತ್ತಿದ್ದರು. ಬಾವ ಮಾತ್ರ ಎರಡು ದಿನ ಅಂಗಡಿಯ ಮೂಲೆಯಲ್ಲಿ ಕೂತು ತಪ್ಪು ಹುಡುಕಿದರು. ಆ ಭಾನುವಾರ ನಾನು ಮಧುಗಿರಿಯಿಂದ ಹೋಗಿದ್ದಾಗ ಫೋನ್ ತೆರೆದು ಏಜೆಂಟಿನ ಕೆಲಸದ ನಕ್ಷೆ ತೋರಿಸಿದರು. ಒಂದೊಂದು ಕೆಲಸಕ್ಕೆ ಒಂದೊಂದು ಚೌಕ, ಚೌಕದಿಂದ ಚೌಕಕ್ಕೆ ಗೆರೆ. ಈಗ ಪ್ರತಿ ಗೆರೆಯ ನಡುವೆ ಹೊಸದೊಂದು ಚೌಕ ಬಂದು ಕೂತಿತ್ತು: 'ಕಾಯಿ'. ಮೋಟಾರ್ ಅಂಗಡಿಗೆ ಬರುವವರೆಗೆ ಕಾಯಿ, ರಿವೈಂಡಿಂಗ್‌ಗೆ ಎರಡು ದಿನ ಕಾಯಿ, ವಾರ್ನಿಷ್ ಒಣಗಲು ಒಂದು ದಿನ ಕಾಯಿ, ನೀರು ಹೇಗೆ ಬರುತ್ತಿದೆಯೆಂದು ಕೇಳುವ ಮೊದಲು ಒಂದು ವಾರ ಕಾಯಿ.

"ಇದಕ್ಕೆ ಬುದ್ಧಿ ಬೇಕಾದಷ್ಟು ಐತೆ ಕಣಮ್ಮ, ಹೊತ್ತು ಗೊತ್ತಿಲ್ಲ ಅಷ್ಟೆ" ಎಂದರು. ನಾನು ಇಪ್ಪತ್ತು ವರ್ಷದಿಂದ ಮೇಷ್ಟರಗಿರಿ ಮಾಡುತ್ತಿದ್ದೇನೆ. ಒಂದು ಪಾಠವನ್ನು ಇಷ್ಟು ಸಲೀಸಾಗಿ ನಾನು ಎಂದಾದರೂ ಹೇಳಿದ್ದೇನೆಯೇ?

ರುಚಿ ಹತ್ತಿತು ನೋಡಿ, ಬಾವ ಎಲ್ಲೆಂದರಲ್ಲಿ ಕಾಯಿಸತೊಡಗಿದರು! ಪಾವಗಡ ಕಡೆಯ ಗಿರಾಕಿಯೊಬ್ಬ ರೇಟು ಕೇಳಿದ್ದಕ್ಕೆ ಏಜೆಂಟು ಕಣ್ಣು ಮಿಟುಕಿಸುವುದರೊಳಗೆ ಉತ್ತರಿಸಿತ್ತಂತೆ. "ಏಮಣ್ಣಾ, ಮೋಟ್ರು ಮಾಡೆಲ್ಲೂ ನೋಡ್ದೆ ರೇಟ್ ಹೇಳ್ಬುಟ್ರೆ ಹೆಂಗೆ ನಂಬೋದು?" ಎಂದು ಆತ ಬೇರೆ ಅಂಗಡಿಗೆ ಹೋದ. ಅಂದಿನಿಂದ ರೇಟಿಗೆ ಹನ್ನೆರಡು ನಿಮಿಷ. ಲೆಕ್ಕ ಅದೇ, ಉತ್ತರ ಅದೇ. ಆದರೆ ಈಗ ಗಿರಾಕಿಗಳು "ಯೋಚ್ನೆ ಮಾಡಿ ಹೇಳ್ತಾರಪ್ಪ" ಎಂದು ತಲೆದೂಗುತ್ತಾರೆ.

ಬೈದು ಬಂದ ಮೆಸೇಜಿಗೆ ಅರ್ಧ ಗಂಟೆ. ರಾಯಚರ್ಲು ಎಂಬ ಹಳ್ಳಿಯವರೊಬ್ಬರು, ರಿಪೇರಿಯಾದ ಮೋಟಾರ್ ತಿರುಗುತ್ತಲೇ ಇಲ್ಲವೆಂದು ಸಾಲಾಗಿ ಎಂಟು ವಾಯ್ಸ್ ಮೆಸೇಜಿನಲ್ಲಿ ಬಾವನ ವಂಶವನ್ನೆಲ್ಲ ಜಾಲಾಡಿದ್ದರು. ಏಜೆಂಟು ತುಟಿ ಬಿಚ್ಚಲಿಲ್ಲ. ಇಪ್ಪತ್ತೈದನೇ ನಿಮಿಷಕ್ಕೆ ಒಂಬತ್ತನೆಯದು ಬಂತು: "ಅಣ್ಣಾ, ಫ್ಯೂಸ್ ಹೋಗಿತ್ತು. ಬೇಜಾರ್ ಮಾಡ್ಕಬ್ಯಾಡಿ."

ಅಕ್ಕನ ಗತಿ ಮಾತ್ರ ಕೇಳಬೇಡಿ. ಒಂದು ದಿನ ಮರೆತು ಅಂಗಡಿಯ ನಂಬರಿಗೆ "ಮುದ್ದೆ ಮಾಡ್ಲಾ, ಅನ್ನ ಸಾಕಾ?" ಎಂದು ಕಳಿಸಿದಳು. ಸರಿಯಾಗಿ ಹನ್ನೆರಡು ನಿಮಿಷ ಬಿಟ್ಟು ಉತ್ತರ ಬಂತು: "ಧನ್ಯವಾದಗಳು. ನಿಮ್ಮದು ಎಷ್ಟು ಎಚ್‌ಪಿ?"

ಅಕ್ಕ ಬಿಟ್ಟಾಳೆಯೇ? "ಐದು ಎಚ್‌ಪಿ. ಮೂವತ್ತು ವರ್ಷದಿಂದ ಒಂದೇ ಸಮ ಓಡ್ತೈತೆ. ಒಂದ್ಸಲಾನೂ ಬಿಚ್ಚಿ ನೋಡ್ದೋರಿಲ್ಲ!" ಎಂದು ಬರೆದಳು. ಬಾವ ಆ ಮೆಸೇಜನ್ನು ಈಗಲೂ ಅಳಿಸಿಲ್ಲ. ಬಂದವರಿಗೆಲ್ಲ ತೋರಿಸಿ ನಗುತ್ತಾರೆ.

ಹೋದ ವರ್ಷ ನನ್ನ ಯಜಮಾನರು ತೀರಿಕೊಂಡರು. ಹನ್ನೊಂದು ದಿನ ಮಧುಗಿರಿಯ ನಮ್ಮ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲರೂ ಕೇಳುವವರೇ, ಸಮಾಧಾನ ಹೇಳುವವರೇ. ಯಾರಿಗೆ ಏನು ಉತ್ತರಿಸಿದೆನೋ ನನಗೆ ನೆನಪಿಲ್ಲ. ಬಾವ ಮಾತ್ರ ನನ್ನೊಂದಿಗೆ ಒಂದು ಮಾತೂ ಆಡದೆ ಶಾಮಿಯಾನ, ನೀರು, ಕುರ್ಚಿ ಎಂದು ಓಡಾಡಿಕೊಂಡಿದ್ದರು. ಒಳಗೊಳಗೇ ಬೇಸರವೂ ಆಗಿತ್ತು. ಆಮೇಲೆ ಎಲ್ಲರೂ ಅವರವರ ಕೆಲಸಕ್ಕೆ ಹೋದರು. ನಾನೂ ಶಾಲೆಗೆ ಹೊರಟೆ. ಅಕ್ಕನ ಫೋನೊಂದು ಬಿಟ್ಟರೆ, ವಿಚಾರಿಸುವವರು ಕಡಿಮೆಯಾಗುತ್ತಾ ಬಂದರು.

ಮೂರು ತಿಂಗಳ ಮೇಲೆ, ಒಂದು ಶನಿವಾರ ಶಾಲೆ ಮುಗಿಸಿ ಮನೆಗೆ ಬಂದು ಬೀಗ ತೆಗೆಯುತ್ತಿದ್ದಾಗ ಬಾವನಿಂದ ಮೆಸೇಜು: "ಈಗ ಹೆಂಗಿದೀಯಮ್ಮ?"

ನನಗೆ ಸಿಟ್ಟು ಉಕ್ಕಿತು. ಫೋನ್ ಮಾಡಿಯೇಬಿಟ್ಟೆ. "ಬಾವ, ನನ್ನನ್ನೂ ಏಜೆಂಟ್ ಕೈಲಿ ವಿಚಾರಿಸ್ತೀರಾ?"

ಅತ್ತ ಕಡೆ ಇಕ್ಕಳ ಕೆಳಗಿಟ್ಟ ಸದ್ದಾಯಿತು.

"ಅದು ಜ್ಞಾಪಿಸಿದ್ದು ನಂಗೆ ಕಣಮ್ಮ. ನಿಂಗೆ ಬರ್ದಿದ್ದು ನಾನೇ" ಎಂದರು. "ಅವತ್ತು ಎಲ್ರೂ ಕೇಳ್ತಿದ್ರು, ನೀನು ಗೊಂಬೆ ತರ ತಲೆ ಆಡಿಸ್ತಿದ್ದೆ. ಎಲ್ರೂ ಹೋದ್ಮೇಲೆ ಕೇಳಾನ ಅಂತ ಅದ್ರಲ್ಲಿ 'ಮೂರು ತಿಂಗ್ಳು ಕಾಯಿ' ಹಾಕಿಟ್ಟಿದ್ದೆ. ಮರೆವು ನೋಡು, ನಂಗೆ ವಯಸ್ಸಾತು. ಆರು ತಿಂಗ್ಳಿಗೂ ಒಂದು ಹಾಕಿದೀನಿ, ವರ್ಷಕ್ಕೂ ಒಂದು."

ಬಾಗಿಲಲ್ಲೇ ಕೂತುಬಿಟ್ಟೆ. ರಾತ್ರಿ ಈಗಲೂ ಎರಡು ತಟ್ಟೆ ತೊಳೆದಿಡುತ್ತೇನೆಂದು ಅಕ್ಕನಿಗೂ ಹೇಳಿರಲಿಲ್ಲ. ಅದನ್ನು ಹೇಳಲೆಂದು ಬಾಯಿ ತೆರೆದೆ. ಆಚೆ ಯಾರೋ ಗಿರಾಕಿ "ಅಣ್ಣಾ, ನಮ್ದು ಆಯ್ತಾ?" ಎಂದು ಕೂಗುತ್ತಿದ್ದುದು ಕೇಳಿಸಿತು. "ನಾಳೆ ಬಾರಪ್ಪ" ಎಂದರು ಬಾವ. ಹಿಂದೆಯೇ ಅಂಗಡಿಯ ಶಟರ್ ಎಳೆದ ಸದ್ದು, ಸ್ಟೂಲು ಸರಿಸಿದ ಸದ್ದು.

"ಈಗ ಹೇಳಮ್ಮ."

ನಾನು ಹೇಳತೊಡಗಿದೆ.