ಗ್ರೇವಿ ಯಾರ ಪಾಲಿಗೆ?

ಚೆಕ್ಕಿನ ಮೇಲೆ ಎರಡು ಹೆಸರಿದ್ದದ್ದೇ ಎಡವಟ್ಟಾಯಿತು. ಆರ್ವಿಲ್ ಹಾಸ್ಕ್ ಮತ್ತು ಮ್ಯಾಕ್ಸೀನ್ ಹಾಸ್ಕ್. ಗಂಡಹೆಂಡಿರಾಗಿದ್ದಾಗ ಇಬ್ಬರೂ ಸೇರಿ ತೆರಿಗೆ ಲೆಕ್ಕ ಕೊಟ್ಟಿದ್ದರು, ಆಮೇಲೆ ವಿಚ್ಛೇದನವಾಯಿತು. ಸರ್ಕಾರಕ್ಕೇನು ಗೊತ್ತು ಪಾಪ? ಹೆಚ್ಚಾಗಿ ಕಟ್ಟಿದ್ದ ಸಾವಿರದೆಂಟುನೂರು ಡಾಲರನ್ನು ಜೋಡಿ ಹೆಸರಿನಲ್ಲೇ ವಾಪಸು ಕಳಿಸಿತು. ಇಬ್ಬರ ಸಹಿಯೂ ಬೀಳದೆ ಬ್ಯಾಂಕಿನವರು ಬಿಡಿಗಾಸೂ ಬಿಚ್ಚುವುದಿಲ್ಲ.

ಬೆಳಿಗ್ಗೆ ಮ್ಯಾಕ್ಸೀನ್ ಫೋನ್ ಮಾಡಿದಳು. "ಬರ್ನೀಸ್ ಅಂಗಡಿಗೆ ಬಾ. ಸಹಿ ಹಾಕಿ ನಿನ್ನರ್ಧ ತಗೊಂಡು ಹೋಗು. ನನ್ನ ಗೀಜರ್ ಕೆಟ್ಟು ವಾರ ಆಯ್ತು, ತಣ್ಣೀರು ಸ್ನಾನ ಮಾಡಿ ಮಾಡಿ ಸಾಯ್ತಿದೀನಿ."

ಒಹಾಯೋದ ಆ ಸಣ್ಣ ಊರಿನಲ್ಲಿ ಬರ್ನೀಸ್ ಹೆಂಗಸರ ಕೂದಲೂ ಕತ್ತರಿಸುತ್ತಾಳೆ, ಕಾಗದಪತ್ರಕ್ಕೆ ನೋಟರಿ ಮೊಹರೂ ಒತ್ತುತ್ತಾಳೆ. ಎರಡಕ್ಕೂ ಒಂದೇ ಕುರ್ಚಿ. ಆರ್ವಿಲ್ ಒಳಗೆ ಕಾಲಿಟ್ಟಾಗ ಮ್ಯಾಕ್ಸೀನ್ ತಲೆತುಂಬ ಸುರುಳಿ ಸುತ್ತಿಸಿಕೊಂಡು ಕೂತಿದ್ದಳು. ಅವಳ ಕಾಲಬಳಿ ಗ್ರೇವಿ.

ಗ್ರೇವಿ ಎಂದರೆ ನಾಯಿ. ಆರ್ವಿಲ್ ಅದನ್ನು ಅಂಗೈಯಗಲದ ಮರಿಯಿಂದ ಸಾಕಿದ್ದ. ಕೋರ್ಟಿನಲ್ಲಿ ಮನೆ ಹೋದಾಗ ಅವನು ಅಳಲಿಲ್ಲ, ನಾಯಿ ಹೋದಾಗ ಅತ್ತುಬಿಟ್ಟಿದ್ದ. ಈಗ ಅದರ ಮುಖ ಕಂಡದ್ದೇ ತಡ, ಸಹಿಗೆಂದು ಎತ್ತಿದ ಪೆನ್ನು ಕೆಳಗಿಟ್ಟ.

"ನಾನು ಸಹಿ ಹಾಕಲ್ಲ. ಗ್ರೇವಿನ ಕೊಡು, ಚೆಕ್ಕು ಪೂರಾ ನೀನೇ ಇಟ್ಕೋ."

"ತಲೆ ಕೆಟ್ಟಿದೆಯೇನೋ ನಿನಗೆ? ನಿನ್ನ ಗಾಡಿ ಟೈರು ಬೋಳಾಗಿದೆ, ಮೊದಲು ಅದಕ್ಕೆ ದುಡ್ಡು ನೋಡ್ಕೋ."

"ಟೈರು ಹಾಳಾಗಿ ಹೋಗ್ಲಿ!"

ಮ್ಯಾಕ್ಸೀನ್ ನಾಯಿಯನ್ನು ನೋಡಿದಳು. ತಣ್ಣೀರನ್ನು ನೆನೆಸಿಕೊಂಡು ಒಮ್ಮೆ ನಡುಗಿದಳು. "ಸರಿ, ತಗೊಂಡು ಹೋಗು ಮಾರಾಯ."

"ಬಾಯಿಮಾತು ಬೇಡ," ಎಂದು ಬರ್ನೀಸ್ ಕತ್ತರಿ ಇಟ್ಟು ಕಾಗದ ಎಳೆದುಕೊಂಡಳು. "ಬರೆದು ಮೊಹರು ಒತ್ತೋಣ. ಇಲ್ಲಾಂದ್ರೆ ನಾಳೆ ಇಬ್ಬರೂ ನನ್ನ ತಲೆ ತಿಂತೀರ."

ಆರ್ವಿಲ್ ಎದೆ ಉಬ್ಬಿಸಿದ. "ಬರಿ! ಗ್ರೇವಿ ಇನ್ನು ನಂದು. ಅದರ ಊಟ, ಔಷಧಿ, ಅದು ಕಚ್ಚಿ ಹಾಳು ಮಾಡಿದ್ದು, ಎಲ್ಲಾ ನಂದೇ. ಇವಳು ಒಂದು ಸೆಂಟೂ ಕೊಡ್ಬೇಕಾಗಿಲ್ಲ!"

"ಎಂಥಾ ಧಾರಾಳ!" ಎಂದು ಕೂದಲೊಣಗಿಸುವ ಡ್ರೈಯರ್ ಕೆಳಗಿದ್ದ ಮುದುಕಿ ಚಪ್ಪಾಳೆ ತಟ್ಟಿದಳು. ಮೊಹರು ಬಿತ್ತು. ಬ್ಯಾಂಕಿನಲ್ಲಿ ಇಬ್ಬರೂ ಗುರುತಿನ ಚೀಟಿ ತೋರಿಸಿ ಸಹಿ ಹಾಕಿದ್ದೂ ಆಯಿತು.

ಗ್ರೇವಿ ಮಾತ್ರ ಗಾಡಿ ಹತ್ತಲು ಒಪ್ಪಲಿಲ್ಲ. ಒಂದು ಹ್ಯಾಂಬರ್ಗರ್ ಆಸೆ ತೋರಿಸಿ ಹತ್ತಿಸಿದರೆ, ಅದನ್ನು ನುಂಗಿ ಸೀಟಿನ ಅಂಚನ್ನೂ ಕಿತ್ತಿತು. ಆರ್ವಿಲ್‌ನ ಬಾಡಿಗೆ ಕೋಣೆಯಲ್ಲಿ ಮೂಲೆಮೂಲೆ ಮೂಸಿ, ಅವನನ್ನು ಹೊಸ ಜವಾನನನ್ನು ನೋಡುವಂತೆ ನೋಡಿತು. ಆದರೂ ಅವನಿಗೆ ಸ್ವರ್ಗ ಮೂರೇ ಗೇಣು. "ಬಂದ್ಯಲ್ಲಪ್ಪಾ ಮನೆಗೆ," ಎಂದು ಮುದ್ದಿಸಿ, ನೀರು ತರಲು ಎದ್ದ. ಬಾಗಿಲು ಹಾಕಿರಲಿಲ್ಲ. ತಿರುಗಿ ನೋಡಿದರೆ ನಾಯಿ ನಾಪತ್ತೆ.

ಸಂಜೆಯತನಕ ಬೀದಿಬೀದಿ ಹುಡುಕಿ, ಕೊನೆಗೆ ಹೊಳೆದು ಓಡಿದ. ಎರಡು ಬೀದಿ ದಾಟಿದರೆ ಹಳೆಯ ಮನೆ. ಹಿಂಬಾಗಿಲಿನ ಬುಡದಲ್ಲಿ ನಾಯಿಗೆಂದೇ ಒಂದು ಕಿಂಡಿಬಾಗಿಲಿತ್ತು. ಹಿಂದೊಂದು ಭಾನುವಾರ, ಹೆಬ್ಬೆರಳು ಜಜ್ಜಿಸಿಕೊಂಡು, ಅವನೇ ಕೊರೆದು ಕೂರಿಸಿದ್ದು. ಅದರ ಮೇಲೆ ಪಂಜದ ಹಸಿ ಮಣ್ಣು ಮೆತ್ತಿತ್ತು.

ಮ್ಯಾಕ್ಸೀನ್ ಬಾಗಿಲು ತೆರೆದಳು. ತೋಳಿನ ತುಂಬ ಸೋಪಿನ ನೊರೆ. ಹೊಸ ಗೀಜರ್ ಆಗಲೇ ಬಂದು ಕೂತಿತ್ತು. ಸ್ನಾನದ ತೊಟ್ಟಿಯ ಬಿಸಿನೀರಿನಲ್ಲಿ ಗ್ರೇವಿ ಕಣ್ಣು ಮುಚ್ಚಿ ಮಲಗಿತ್ತು.

"ನನ್ನ ನಾಯಿ ಕೊಡು!"

"ನಿಂದೇ ಕಣೋ, ನಾನೇನು ಇಲ್ಲ ಅಂದ್ನಾ? ಕರಿ, ಬಂದ್ರೆ ಕರ್ಕೊಂಡು ಹೋಗು."

ಕರೆದ. ಗೋಗರೆದ. ಗ್ರೇವಿ ಒಂದು ಕಣ್ಣು ತೆರೆದು, ಮತ್ತೆ ಮುಚ್ಚಿತು. ಆರ್ವಿಲ್ ತೋಳಿನಿಂದ ಕಣ್ಣೊರೆಸಿಕೊಂಡ.

"ಅಳಬೇಡ್ವೋ," ಎಂದಳು ಮ್ಯಾಕ್ಸೀನ್, ಮೆತ್ತಗೆ. "ದಿನಾ ಸಂಜೆ ಬಂದು ನೋಡ್ಕೊಂಡು ಹೋಗು. ನಿನ್ನ ನಾಯಿ ತಾನೇ?" ಆಮೇಲೆ ಕೈ ಒರೆಸಿಕೊಂಡು, ಬರ್ನೀಸಳ ಮೊಹರಿದ್ದ ಕಾಗದವನ್ನು ಕಪಾಟಿನಿಂದ ತೆಗೆದಳು. "ಹಾಂ, ನಾಳೆ ಬರುವಾಗ ಅದರ ಊಟದ ಮೂಟೆ ತಾ. ಇವತ್ತು ಮುಂಬಾಗಿಲ ಪರದೆ ಕಚ್ಚಿ ಹರಿದುಹಾಕಿದೆ, ಅದರ ದುಡ್ಡೂ ಸೇರಿಸ್ಕೋ."